ಅತ್ತೆಯ ಆಮೆನ್

ನಮ್ಮ ಸೋದರತ್ತೆಯ ಅಂಗೈಗಳು ಹಂಚಿನಷ್ಟೇ ಗಟ್ಟಿ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ನಾವು ಮುಟ್ಟಿದರೆ ಅಯ್ಯಯ್ಯೋ ಎಂದು ಕೈ ಜಾಡಿಸಬೇಕು. ಸೊಲ್ಲಾಪುರದ ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುವುದು ಅವಳ ಉದ್ಯೋಗ. ಭಾನುವಾರ ಚರ್ಚಿನಲ್ಲಿ ಅದೇ ಕೈಗಳಿಂದ ಚಪ್ಪಾಳೆ ತಟ್ಟಿದಳೆಂದರೆ ತಬಲಾದವನೇ ತಾಳ ತಪ್ಪುತ್ತಿದ್ದ.

ದಿನಾ ಬೆಳಗ್ಗೆ ಹಿಟ್ಟು ಕಲಸುವ ಮುಂಚೆ ಬೈಬಲ್ ಓದುತ್ತಿದ್ದಳು. "ವಾಕ್ಯಾ ಓದಿ ಕಪಾಟಿನ್ಯಾಗ ಇಟ್ರ ಜೋಳದಾಂಗ ಹುಳಾ ಹತ್ತತಾವ. ಬೀಸಬೇಕು, ಬಡೀಬೇಕು, ಉಣ್ಣಬೇಕು," ಎನ್ನುವುದು ಅವಳ ಮಾತು.

ಅವಳು ಬೀಸುತ್ತಿದ್ದ ರೀತಿ ಓಣಿಗೆಲ್ಲ ಗೊತ್ತಿತ್ತು. ನಳಕ್ಕೆ ದಿನ ಬಿಟ್ಟು ದಿನವಲ್ಲ, ನಾಲ್ಕೈದು ದಿನಕ್ಕೊಮ್ಮೆ ನೀರು ಬರುವ ಊರು ನಮ್ಮದು. ಅಂದು ಸಜ್ಜನರೂ ಕೊಡ ಹಿಡಿದು ಯುದ್ಧಕ್ಕೆ ನಿಲ್ಲುತ್ತಾರೆ. ಅತ್ತೆ ಮಾತ್ರ ತನ್ನ ಬ್ಯಾರಲ್ ತುಂಬಿದ ಕೂಡಲೇ ಪೈಪನ್ನು ಓಣಿಯವರೆಲ್ಲ ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸಿನ ಬ್ಯಾರಲ್ಲಿಗೆ ಎಳೆದು ಹಾಕುತ್ತಿದ್ದಳು. ಆ ಕಾಕುವೋ, ಹಿಂದಿನ ದಿನವಷ್ಟೇ ಇವಳ ಜೊತೆ ಕೈಕೈ ಮಿಲಾಯಿಸುವಷ್ಟು ಜಗಳಾಡಿದವಳು. ಯಾಕ ಅತ್ತಿ ಎಂದು ಕೇಳಿದರೆ, "ಒಂದು ಮೈಲಿ ಕರದವನ ಜೋಡಿ ಎರಡು ಮೈಲಿ ಹೋಗು ಅಂದಾನ ಸ್ವಾಮಿ. ನನಗ ಮಣಕಾಲ ಬ್ಯಾನಿ, ನಾ ಎಲ್ಲಿ ಹೋಗ್ಲಿ? ಪೈಪರ ಹೋಗ್ಲಿ!" ಎನ್ನುತ್ತಿದ್ದಳು. ನೀರು ತುಂಬಿ ಮುಗಿಯುವ ತನಕ ಕಾಕುವನ್ನು ಬಯ್ಯುವುದನ್ನೂ ಬಿಡುತ್ತಿರಲಿಲ್ಲ. "ಇನ್ನೊಂದು ಗಲ್ಲಾ ತೋರ್ಸು ಅಂದಾನ, ಬಾಯಿ ಮುಚ್ಚು ಅಂದಿಲ್ಲ."

ಆ ಬಾಯಿಯೇ ಒಮ್ಮೆ ಅನಾಹುತ ಮಾಡಿತು. ಅಕ್ಕಲಕೋಟೆಯಲ್ಲಿ ನೆಂಟರ ಮದುವೆ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಲು ನಮ್ಮಪ್ಪನನ್ನು ಎಬ್ಬಿಸಿದರು. ಅಪ್ಪ ಸೊಲ್ಲಾಪುರದ ಹತ್ತಿರದ ನಮ್ಮ ಹಳ್ಳಿ ವಳಸಂಗದಲ್ಲಿ ಚರ್ಚಿನ ಸಭೆಯ ಹಿರಿಯ, ಅತ್ತೆಗೆ ಅಣ್ಣ. ಅವನ ಪ್ರಾರ್ಥನೆ ಎಂದರೆ ಲೋಕ ಸೃಷ್ಟಿಯಿಂದ ಶುರುವಾಗಿ, ನೋಹನ ನಾವೆ ಹತ್ತಿ, ಮದುಮಗಳ ಮನೆ ತಲುಪುವಷ್ಟರಲ್ಲಿ ಹುಡುಗರು ಕಣ್ಣುಮುಚ್ಚಿಕೊಂಡೇ ಅರ್ಧ ಹೋಳಿಗೆ ತಿಂದಿರುತ್ತಿದ್ದರು. ಅಂದು ನಾವೆ ಇನ್ನೂ ದಡ ಸೇರಿರಲಿಲ್ಲ, ಹೆಂಗಸರ ಪಂಕ್ತಿಯಿಂದ ಅತ್ತೆಯ ಗಂಟಲು ಕೇಳಿತು: "ಆಮೆನ್! ಉಣ್ರಿ, ಸಾರು ಆರಾಕತ್ತೈತಿ!"

ಹಂದರಕ್ಕೆ ಹಂದರವೇ ಆಮೆನ್ ಎಂದು ನಕ್ಕು ಊಟಕ್ಕೆ ಕೈ ಹಾಕಿತು. ಅಪ್ಪ ಉಣ್ಣದೆ ಎದ್ದು ಹೋದ. ಅಂದಿನಿಂದ ಅಣ್ಣತಂಗಿಯರ ನಡುವೆ ಮಾತಿಲ್ಲ, ಕತೆಯಿಲ್ಲ.

ಎರಡು ವರ್ಷದ ಮೇಲೆ ನನ್ನ ಮಗಳಿಗೆ ದೀಕ್ಷಾಸ್ನಾನ ಗೊತ್ತಾಯಿತು. ಅವ್ವ ಸತ್ತ ಮೇಲೆ ನನ್ನ ತಲೆ ಬಾಚಿ ಬೆಳೆಸಿದವಳು ಅತ್ತೆ, ಹೊಲ ಉತ್ತು ಓದಿಸಿದವನು ಅಪ್ಪ. ಕೂಸನ್ನು ಎತ್ತಿಕೊಂಡು ನಿಲ್ಲುವಾಗ ಇಬ್ಬರೂ ನನ್ನ ಪಕ್ಕದಲ್ಲಿ ಇರಲೇಬೇಕು ಎಂಬುದೊಂದೇ ನನ್ನ ಆಸೆ. ಫೋನು ಮಾಡಿದರೆ ಅಪ್ಪ, "ಅಕಿ ಬಂದ್ರ ನಾ ಬರಂಗಿಲ್ಲ," ಅಂದ. ಅತ್ತೆ, "ನಾ ಏನ್ ಸುಳ್ಳ ಅಂದಿನೇನು? ಸಾರು ಖರೇನ ಆರಿತ್ತು," ಅಂದಳು. ಇಬ್ಬರ ನಡುವೆ ನಾನು ಅತ್ತು ಸಾಕಾದೆ.

ದೀಕ್ಷಾಸ್ನಾನದ ದಿನ ಸುಗ್ಗಿಯ ಭಾನುವಾರ. ಅಂದು ಹೊಲಮನೆಗಳಲ್ಲಿ ಬೆಳೆದದ್ದನ್ನು ಕಾಣಿಕೆಯಾಗಿ ತಂದು ಚರ್ಚಿನ ಮುಂದಿನ ಮೇಜಿಗೆ ಅರ್ಪಿಸುತ್ತೇವೆ. ಆಮೇಲೆ ಅದರ ಲಿಲಾವು, ಹೆಚ್ಚು ಬೆಲೆ ಕೂಗಿದವರಿಗೆ ಮಾಲು. ಅತ್ತೆ ತಾನೇ ಸಾಕಿದ ಕೆಂಪು ಹುಂಜ ತಂದಿದ್ದಳು. ಅಪ್ಪ ಬಂದಿರಲಿಲ್ಲ. ಸಭಾಪಾಲಕರು ಉಪದೇಶದಲ್ಲಿ, ಕಾಣಿಕೆ ಕೊಡುವ ಹೊತ್ತಿಗೆ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ ಅದನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಒಂದಾಗಿ ಬಾ ಎಂಬ ಮಾತನ್ನು ವಿವರಿಸಿದರು. ನಾವೆಲ್ಲ ಎಂದಿನಂತೆ ತಲೆಯಾಡಿಸಿದೆವು.

ಅತ್ತೆ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಮೇಜಿನ ತನಕ ಹೋದವಳು ನಿಂತುಬಿಟ್ಟಳು. ಆಮೇಲೆ ಬಗ್ಗಿ ಅದರ ಕಾಲನ್ನು ಮೇಜಿನ ಕಾಲಿಗೆ ಕಟ್ಟಿದಳು.

"ಪಾಳಕ ಸಾಹೇಬ್ರ, ಇದು ಇಲ್ಲೇ ಇರ್ಲಿ. ನಾ ವಳಸಂಗಕ್ಕ ಹೋಗಿ ಬರ್ತೀನಿ."

"ಈಗಾ?" ಸಭಾಪಾಲಕರು ಗಾಬರಿಯಾದರು.

"ಮತ್ತ್ಯಾವಾಗ್ರಿ? ಈಗರ ನೀವ ಹೇಳಿದ್ರಲ್ಲ!"

ಸೆರಗು ಸಿಕ್ಕಿಸಿಕೊಂಡು ಹೊರಟೇಹೋದಳು. ಸಭಾಪಾಲಕರು ನನ್ನ ಮುಖ ನೋಡಿ, ದೀಕ್ಷಾಸ್ನಾನ ಅವರು ಬಂದ ಮೇಲೆಯೇ ಎಂದುಬಿಟ್ಟರು. ಗೊತ್ತಿದ್ದ ಹಾಡುಗಳನ್ನೆಲ್ಲ ಹಾಡಿದೆವು. ಪ್ರಾರ್ಥನೆಗೆಂದು ಸಭಾಪಾಲಕರು ಬಾಯಿ ತೆರೆದಾಗಲೆಲ್ಲ ಹುಂಜ ಕೂಗುತ್ತಿತ್ತು. ಕೂಸು ಮಲಗಿ, ಎದ್ದು, ಮತ್ತೆ ಮಲಗಿತು.

ವಳಸಂಗದಲ್ಲಿ ನಡೆದದ್ದನ್ನು ಆಮೇಲೆ ಅಪ್ಪನೇ ಹೇಳಿದ. ಬಾಡಿಗೆ ಜೀಪಿನಿಂದ ಇಳಿದು ಬಂದವಳು ಹೊಸ್ತಿಲಲ್ಲೇ ನಿಂತು, "ಅಣ್ಣಾ, ಮಂದಿ ಮುಂದ ನಿನ್ನ ಮಾರಿ ಸಣ್ಣದು ಮಾಡಿದೆ. ತಪ್ಪ ನಂದು. ಮಾಫ್ ಮಾಡು," ಎಂದಳಂತೆ. ಅಪ್ಪ ಬಿಗುವಾಗಿಯೇ, "ಮಾಡಲಿಲ್ಲಂದ್ರ?" ಎಂದನಂತೆ.

"ಮಾಡಲಿಲ್ಲಂದ್ರ ಚರ್ಚಿನ್ಯಾಗ ಕಟ್ಟಿ ಬಂದ ಕಾಣಿಕಿ ಹುಂಜಾ ಅಲ್ಲೇ ಇರ್ತದ. ಅಲ್ಲಿ ಯಾರಿಗೂ ಪ್ರಾರ್ಥನಾ ಮಾಡಾಕ ಬಿಡಂಗಿಲ್ಲ ಅದು, ನನ್ನಾಂಗ!"

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಮಧ್ಯಾಹ್ನ ಚರ್ಚಿನ ಮುಂದೆ ಅವನ ಬೈಕು ನಿಂತಾಗ ಹಿಂದೆ ಕುಳಿತ ಅತ್ತೆ, ಎಷ್ಟು ಸಾವಕಾಶ ಹೊಡೀತಿ ಎಂದು ಬಯ್ಯುತ್ತಲೇ ಇದ್ದಳು. ಕೂಸನ್ನು ಅಪ್ಪ ಎತ್ತಿಕೊಂಡ. ಅದರ ತಲೆಯ ಕೆಳಗೆ ಅತ್ತೆಯ ಗಟ್ಟಿ ಅಂಗೈ ಇತ್ತು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಊಟದ ಪ್ರಾರ್ಥನೆಯನ್ನು ಅಪ್ಪ ಎರಡೇ ಮಾತಿನಲ್ಲಿ ಮುಗಿಸಿ, ಒಂದು ಕಣ್ಣು ತೆರೆದು ತಂಗಿಯತ್ತ ನೋಡಿದ. ಲಿಲಾವಿನಲ್ಲಿ ಹುಂಜವನ್ನೂ ಅವನೇ ಕೊಂಡು ವಳಸಂಗಕ್ಕೆ ಒಯ್ದ. ಅದು ಕೂಗಿದಾಗಲೆಲ್ಲ, "ನಿಮ್ಮತ್ತಿ ಒದರಾಕತ್ತಾಳ ನೋಡು," ಎನ್ನುತ್ತಿದ್ದ.

ಹೋದ ವರ್ಷ ಅತ್ತೆ ತೀರಿಕೊಂಡಳು. ಮಣ್ಣು ಮಾಡಿ ಅವಳ ಮನೆಗೆ ಬಂದಾಗ ಕಾಕು ಝುಣಕ, ರೊಟ್ಟಿ, ಸಾರು ಮಾಡಿ ತಂದಿದ್ದಳು. ಅಪ್ಪ ಪ್ರಾರ್ಥನೆಗೆ ಎದ್ದ. ಲೋಕ ಸೃಷ್ಟಿಯಾಯಿತು, ನಾವೆ ತೇಲಿತು, ದಡ ಸೇರಿತು, ಪ್ರಾರ್ಥನೆ ಮುಗಿಯಲಿಲ್ಲ. ಸಾರಿನ ಮೇಲಿನ ಹಬೆ ಹೋಯಿತು. ನಾನು ಕಣ್ಣು ತೆರೆದು ನೋಡಿದೆ. ಅಪ್ಪನೂ ಒಂದು ಕಣ್ಣು ತೆರೆದು ಅತ್ತೆಯ ಒಲೆಯ ಮೂಲೆಯನ್ನೇ ನೋಡುತ್ತಿದ್ದ. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ಅವನು ಯಾತಕ್ಕೆ ಕಾಯುತ್ತಿದ್ದಾನೆಂದು ನನಗೆ ಆಗ ತಿಳಿಯಿತು.

"ಆಮೆನ್!" ಎಂದೆ, ಗಂಟಲು ಹರಿಯುವ ಹಾಗೆ. "ಉಣ್ರಿ, ಸಾರು ಆರಾಕತ್ತೈತಿ!"

ಅಪ್ಪ ಅಲ್ಲೇ ಕುಳಿತ. ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ತಟ್ಟೆಗೆ ರೊಟ್ಟಿ ಹಾಕಿದ.

"ಇಷ್ಟ್ಯಾಕ ತಡಾ ಮಾಡಿದೀ ಅವ್ವೀ? ಅಕಿ ಇದ್ದಿದ್ರ ಯಾವಾಗೋ ಅಂದಿರ್ತಿದ್ಳು."