ಅಪ್ಪನ ಹುಲ್ಲಿನ ಮಿಷನ್‌ಗೆ ಹರಿತ

ಗೆಳೆಯರೇ, ಇವತ್ತು ಬೆಳಿಗ್ಗೆ ಅವ್ವನಿಂದ ಬೈಸಿಕೊಂಡೆ. ಸಂಡೂರಿನ ಗೆಸ್ಟ್‌ಹೌಸೊಂದರಲ್ಲಿ ಮಾಲಿಯಾಗಿದ್ದ ಅಪ್ಪ ತೀರಿಕೊಂಡಾಗ ಬಿಟ್ಟುಹೋದ, ಕೈಯಲ್ಲಿ ತಳ್ಳಿ ಹುಲ್ಲು ಕತ್ತರಿಸುವ ಮಿಷನ್ ಮೊಂಡಾಗಿತ್ತು. ಬ್ಲೇಡ್ ಉಜ್ಜಲು ಅರ ತಂದೆ.

"ಲೇ, ಅರ ಹಚ್ಚಬ್ಯಾಡ! ಬ್ಲೇಡ್ ಕೆಟ್ಟುಹೋಗ್ತಾವ. ನಿಮ್ಮಪ್ಪ ಬ್ಲೇಡ್ ಉಲ್ಟಾ ತಿರುಗಿಸ್ತಿದ್ರು, ನಾ ಎಣ್ಣಿಯಾಗ ಸಾಣಿ ಹಿಡಿಯೋ ಎಮರಿ ಪುಡಿ ಕಲಸಿ ಹಚ್ಚತಿದ್ದೆ," ಎಂದಳು.

ಹಾಗೆಯೇ ಮಾಡಿದೆವು. ಒರೆಸಿ, ಮುಂದಕ್ಕೆ ತಿರುಗಿಸಿ, ಹರಿತ ನೋಡಲು ಇವತ್ತಿನ ಪೇಪರಿನ ಒಂದು ಹಾಳೆ ಒಡ್ಡಿದೆ. ಸರ್ರನೆ ಕತ್ತರಿಸಿತು.

"ಸಾಕಲ್ಲವ್ವಾ?"

"ಇನ್ನೊಂದು ಹಾಳಿ ಇಡು. ನಿಮ್ಮಪ್ಪ ತಿರುಗಿಸಿದಾಗೂ ಹಿಂಗ ಸಪ್ಪಳ ಬರ್ತಿತ್ತು."

ಒಂದೊಂದಾಗಿ ಹಾಳೆಗಳೆಲ್ಲ ಮುಗಿದವು. ಇವತ್ತಿನ ಸುದ್ದಿ ಏನಿತ್ತು, ಯಾರಾದರೂ ಹೇಳಿ.