ರೈಟರ ಮೇಜಿನ ಮೇಲೆ ಅಳಿಸಿದ ಹೆಸರು

ನಮ್ಮ ವಿಧಾನಸಭಾ ಕ್ಷೇತ್ರದ ಚುನಾವಣೆಗಳ ಇತಿಹಾಸ ಬರೆದುಕೊಡಿ ಅಂತ ಶಾಲೆಯ ಸ್ಮರಣ ಸಂಚಿಕೆಯವರು ಕೇಳಿದಾಗ ಹೂಂ ಅಂದುಬಿಟ್ಟೆ. ನಿವೃತ್ತ ಟೀಚರಿಗೆ ಬೇರೇನು ಕೆಲಸ! ಮಡಿಕೇರಿಗೆ ಎರಡು ಸಲ ಬಸ್ಸು ಹತ್ತಿ ಹೋಗಿ ಗೆದ್ದವರು ಯಾರು, ಸೋತವರು ಯಾರು ಅಂತ ಎಲ್ಲಾ ಬರೆದುಕೊಂಡು ಬಂದೆ. ಬರೆಯಲು ಕೂತರೆ ಮಾತ್ರ ಒಂದೇ ಒಂದು ಓಟು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದು ಬೀಳದೆ ಹೋದ ಓಟು, ತಪ್ಪಿಸಿದವಳು ನಾನು. ಸಂಚಿಕೆಗೆ ಕೊಡೋ ಮಾತಲ್ಲ ಅದು. ಹಾಗಂತ ಹೊಟ್ಟೆಯಲ್ಲಿಟ್ಟುಕೊಂಡು ಇರೋಕೂ ಆಗುತ್ತಿಲ್ಲ.

ನಾನು ಹುಟ್ಟಿದ್ದು ಸೋಮವಾರಪೇಟೆ ಕಡೆ. ಅಪ್ಪ ಏಲಕ್ಕಿ ವ್ಯಾಪಾರಿ, ರಾಜಕೀಯದ ಮಾತು ಬಂದರೆ ಊಟ ಮರೆಯುವ ಮನುಷ್ಯ. ಕೊಡಗೇ ಒಂದು ರಾಜ್ಯವಾಗಿತ್ತು ಕಣೇ, ನಮ್ಮದೇ ವಿಧಾನಸಭೆ ಇತ್ತು ಅಂತ ಬಂದವರಿಗೆಲ್ಲ ಹೇಳೋರು. ಆಮೇಲೆ ಅದು ಜಿಲ್ಲೆಯಾಯಿತು, ನಮಗೆ ತಿಳುವಳಿಕೆ ಬರುವಷ್ಟರಲ್ಲಿ ಮೂರು ಕ್ಷೇತ್ರ ಇದ್ದವು. ಮರುವಿಂಗಡಣೆ ಅಂತ ಬಂದು ಮೂರು ಎರಡಾಯಿತು. ಸೋಮವಾರಪೇಟೆ ಅನ್ನುವ ಕ್ಷೇತ್ರವೇ ಇಲ್ಲವಾಯಿತು. "ನಮ್ಮನ್ನ ಒಂದು ಮಾತು ಕೇಳದೆ ನಮ್ಮ ಹೆಸರು ಅಳಿಸೋಕೆ ಇವರ‍್ಯಾರು?" ಅಂತ ಅಪ್ಪ ಸಾಯುವವರೆಗೂ ಬೈದರು. ನಾನೂ ಅವರ ಮಗಳೇ. ಬಾಳೆಲೆ ಕಡೆಯ ಶಾಲೆಗೆ ವರ್ಗವಾಗಿ ಬಂದ ಮೇಲೂ ಸ್ಟಾಫ್ ರೂಮಿನಲ್ಲಿ ಅದೇ ರಾಗ ಎಳೆಯುತ್ತಿದ್ದೆ.

ಬಾಳೆಲೆ ಸೇರುವುದು ವಿರಾಜಪೇಟೆ ಕ್ಷೇತ್ರಕ್ಕೆ. ಅದು ಮೊದಲು ಬುಡಕಟ್ಟಿನವರಿಗೆ ಮೀಸಲಾಗಿತ್ತು, ಅದೇ ಮರುವಿಂಗಡಣೆಯಲ್ಲಿ ಸಾಮಾನ್ಯ ಕ್ಷೇತ್ರವಾಯಿತು. ಆ ವ್ಯತ್ಯಾಸ ನನಗೆ ತಿಳಿಸಿಕೊಟ್ಟವಳು ಯರವ ಬುಡಕಟ್ಟಿನ ಒಬ್ಬ ಅಜ್ಜಿ. ಕಾಡಂಚಿನ ಹಾಡಿಯಲ್ಲಿ ಹುಟ್ಟಿ, ಮದುವೆಯಾಗಿ ಕಾಫಿ ಎಸ್ಟೇಟಿನ ಕೆಲಸದವರ ಸಾಲುಮನೆಗೆ, ಅಂದರೆ ಲೈನುಮನೆಗೆ ಬಂದವಳು. ಅವಳ ಮೊಮ್ಮಗ ಮೊದಲು ನನ್ನ ತರಗತಿಯಲ್ಲಿದ್ದ. "ಆಗ ನಮ್ಮೋರೇ ನಿಲ್ತಿದ್ರು ಟೀಚರೇ, ಗೆದ್ದೋನೂ ನಮ್ಮೋನೇ, ಸೋತೋನೂ ನಮ್ಮೋನೇ. ಈಗ ಓಟು ಕೇಳೋ ಜೀಪು ಮಾತ್ರ ಬರ‍್ತದೆ," ಅಂತ ನಗುತ್ತಿದ್ದಳು. ನಗುತ್ತಿದ್ದರೂ ಓಟು ತಪ್ಪಿಸಿದವಳಲ್ಲ. ಸೀಲು ಒತ್ತುವ ಕಾಲದಿಂದ ಮಿಷನ್ನು ಪೀಂ ಅನ್ನುವ ಕಾಲದವರೆಗೆ ಪ್ರತಿ ಸಲ ನಮ್ಮ ಶಾಲೆಯ ಬೂತಿನ ಸಾಲಿನಲ್ಲಿ ಮೊದಲು ನಿಲ್ಲುವವಳು ಅವಳೇ. ಅವತ್ತು ಎಸ್ಟೇಟಿನ ಸಾಹುಕಾರರೂ ಅವಳ ಹಿಂದೆ ನಿಲ್ಲಬೇಕಿತ್ತು. ಅದನ್ನು ಅವಳು ತಿರುತಿರುಗಿ ನೋಡಿ ಖುಷಿಪಡುತ್ತಿದ್ದಳು.

ನನ್ನನ್ನು ಬಿಎಲ್‌ಒ ಮಾಡಿದ್ದರು. ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸ: ಮನೆಮನೆಗೆ ಹೋಗಿ ಯಾರು ಇದ್ದಾರೆ, ಯಾರು ಹೋದರು, ಯಾರು ಸತ್ತರು ಅಂತ ಗುರುತು ಹಾಕಬೇಕು. ಎಸ್ಟೇಟಿನಲ್ಲಿ ಮನೆಮನೆ ಅನ್ನುವುದು ಬರೀ ಬಾಯಿಮಾತು. ಮೊದಲು ಆಫೀಸಿನಲ್ಲಿ ರೈಟರನ್ನು ಕಾಣಬೇಕು, ಅದು ಇಲ್ಲಿನ ಮರ್ಯಾದೆ. ಲೆಕ್ಕ ಬರೆಯುವ ಆ ರೈಟರು ಕಾಫಿ ತರಿಸುತ್ತಾರೆ, ಕೆಲಸದವರ ಹಾಜರಿ ಪುಸ್ತಕ ತೆಗೆದು ಹೆಸರು ಓದುತ್ತಾರೆ, ನಾವು ನಮ್ಮ ಪಟ್ಟಿಗೆ ಟಿಕ್ ಹಾಕಿಕೊಳ್ಳುತ್ತೇವೆ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಹಗಲು ಹೊತ್ತು ಲೈನಿಗೆ ಹೋದರೂ ಬೀಗಗಳೇ ಕಾಣುವುದು ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು.

ಕಳೆದ ವಿಧಾನಸಭೆ ಚುನಾವಣೆಗೆ ಮುಂಚೆಯೂ ಹಾಗೇ ಆಯಿತು. ಅಜ್ಜಿಯ ಹೆಸರು ಓದಿದೆ. ರೈಟರು ಪುಸ್ತಕದಲ್ಲಿ ಹುಡುಕಿ, "ಇಲ್ವಲ್ಲ ಟೀಚರ್. ಹೋಗಿರಬೇಕು. ಬೇಕಾದ್ರೆ ಒಂದು ಸಲ ಲೈನಿಗೆ ಹೋಗಿ ನೋಡಿ," ಅಂದರು. ಲೈನು ಇದ್ದದ್ದು ಗುಡ್ಡದ ಆಚೆ ಇಳಿಜಾರಿನಲ್ಲಿ. ನನಗೆ ಮಂಡಿನೋವು, ಬಸ್ಸಿಗೆ ಹೊತ್ತಾಗಿತ್ತು. ಅಯ್ಯೋ, ಅಜ್ಜಿ ಒಂದು ಮಾತೂ ಹೇಳದೆ ಹೋದಳಲ್ಲ ಅಂದುಕೊಂಡು "ಸ್ಥಳಾಂತರ" ಅಂತ ಬರೆದೆ. ಹೆಸರು ತೆಗೆಯುವ ಮುಂಚೆ ಕೊಡಬೇಕಾದ ನೋಟಿಸನ್ನೂ ಆಮೇಲೆ ಅದೇ ಮೇಜಿನ ಮೇಲೆ ಇಟ್ಟು ಬಂದೆ. ಅಜ್ಜಿ ಎಲ್ಲಿಗೂ ಹೋಗಿರಲಿಲ್ಲ. ವಯಸ್ಸಾಗಿ ಕೆಲಸ ಬಿಟ್ಟಿದ್ದಳು ಅಷ್ಟೇ, ಲೈನಿನಲ್ಲೇ ಮಗನ ಮನೆಯಲ್ಲಿದ್ದಳು. ಕೆಲಸ ಮಾಡದವರ ಹೆಸರು ಹಾಜರಿಯಲ್ಲಿ ಯಾಕಿರುತ್ತದೆ? ಇಪ್ಪತ್ತು ವರ್ಷ ಮಕ್ಕಳ ಹಾಜರಿ ಕೂಗಿದ ನನಗೆ ಅಷ್ಟು ಹೊಳೆಯಲಿಲ್ಲ.

ಓಟಿನ ದಿನ ನಾನು ಬೂತಿನ ಹೊರಗೆ ಪಟ್ಟಿ ಹಿಡಿದು ಕೂತಿದ್ದೆ. ನನ್ನ ಓಟು ಆಗಲೇ ಹಾಕಿಯಾಗಿತ್ತು. ಅಜ್ಜಿ ಒಳಗಿನಿಂದ ಸೀದಾ ನನ್ನ ಹತ್ತಿರ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುರುತಿನ ಚೀಟಿ.

"ಟೀಚರೇ, ನನ್ನ ಹೆಸ್ರು ಇಲ್ಲಾಂತಾರೆ. ನೀ ನೋಡು."

ಕೈಬಿಟ್ಟ ಹೆಸರುಗಳ ಪಟ್ಟಿಯಲ್ಲಿ ಅವಳ ಹೆಸರಿತ್ತು. ಕಾರಣ: ಸ್ಥಳಾಂತರ.

"ಹೋಗಿದ್ದಾರೆ ಅಂತ ಬರೆದಿದೆ ಅಜ್ಜಿ."

"ನಾ ಎಲ್ಲಿ ಹೋದೆ? ಇಲ್ಲೇ ಇದ್ದೀನಲ್ಲ! ಯಾರು ಬರೆದದ್ದು?"

ಸುತ್ತ ಜನ ನೋಡುತ್ತಿದ್ದರು. "ರೈಟರು ಹೇಳಿದ್ದು," ಅಂದೆ.

ಪೂರ್ತಿ ಸುಳ್ಳಲ್ಲ, ಅದಕ್ಕೇ ಬಾಯಿಂದ ಅಷ್ಟು ಸಲೀಸಾಗಿ ಬಂತು. ಅಜ್ಜಿ ಎಡಗೈ ಚಾಚಿ, "ಶಾಯಿ ಆದ್ರೂ ಹಾಕ್ಸು. ಲೈನಿನೋರು ನಗ್ತಾರೆ," ಅಂದಳು. ಹಾಗೆಲ್ಲ ಹಾಕೋಕಾಗಲ್ಲ ಅಜ್ಜಿ ಅಂದೆ. ಅವಳ ಕಣ್ಣು ನನ್ನ ಬೆರಳಿನ ಶಾಯಿಯ ಮೇಲಿತ್ತು. ನಾನು ಕೈಯನ್ನು ಪಟ್ಟಿಯ ಕೆಳಗೆ ಇಟ್ಟುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಮುಂದಿನದನ್ನು ಹೇಳಿದ್ದು ನಮ್ಮ ಬಿಸಿಯೂಟದ ಅಡುಗೆಯಾಕೆ. ಮಾರನೆಯ ಬೆಳಿಗ್ಗೆ, ಎಲ್ಲರೂ ಕೆಲಸಕ್ಕೆ ಸೇರಿ ಹೆಸರು ಕೂಗುವ ಹೊತ್ತಿಗೆ, ಅಜ್ಜಿ ರೈಟರ ಎದುರು ನಿಂತು ಬೈದಳಂತೆ: ನನ್ನ ಓಟು ತಿಂದೋನೇ, ನಿನ್ನ ಮಕ್ಕಳು ಮರಿ ಏಳಿಗೆ ಆಗದೆ ಹೋಗಲಿ ಅಂತ. ರೈಟರಿಗೆ ತಲೆಬುಡ ಗೊತ್ತಾಗಲಿಲ್ಲ. ಅಷ್ಟು ಜನರೆದುರು ಮಾನ ಹೋಯಿತಲ್ಲ, ಅವಳ ಮಗನನ್ನು ಕರೆದು, ಅಮ್ಮನನ್ನು ಕಳಿಸು, ಇಲ್ಲದಿದ್ದರೆ ಮನೆ ಖಾಲಿ ಮಾಡು ಅಂದರು. ಮಗ ಏನು ಮಾಡಿಯಾನು? ಅಜ್ಜಿಯನ್ನು ಶ್ರೀಮಂಗಲದ ಹತ್ತಿರ ಇನ್ನೊಂದು ಎಸ್ಟೇಟಿನಲ್ಲಿದ್ದ ಮಗಳ ಮನೆಗೆ ಬಿಟ್ಟು ಬಂದ. ಸ್ಥಳಾಂತರ ಅಂತ ನಾನು ಬರೆದ ಸುಳ್ಳು ತಡವಾಗಿ ನಿಜವಾಯಿತು.

ಎರಡು ತಿಂಗಳು ತಡೆದುಕೊಂಡೆ. ಕೊನೆಗೆ ಹೆಸರು ಸೇರಿಸುವ ಫಾರಂ, ಎಲೆಅಡಿಕೆ ತಗೊಂಡು ಶ್ರೀಮಂಗಲಕ್ಕೆ ಹೋದೆ. ಅಜ್ಜಿಗೆ ಖುಷಿಯೋ ಖುಷಿ. ಬಾಗಿಲಲ್ಲಿ ಚಾಪೆ ಹಾಕಿದಳು, ಎಲೆಗೆ ಸುಣ್ಣ ಹಚ್ಚಿಕೊಂಡು ಶಾಲೆಯ ಸುದ್ದಿ ಕೇಳಿದಳು. ಎಲ್ಲಾ ಹೇಳಿಬಿಟ್ಟೆ. ಅಳಿಸಿದ್ದು ನಾನೇ, ಹೋಗಿ ನೋಡಿ ಅಂತ ರೈಟರು ಹೇಳಿದರೂ ಹೋಗಲಿಲ್ಲ, ಅಂತ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಹಂಗಾದ್ರೆ ಆ ಮನುಷ್ಯಂದು ಏನೂ ಇಲ್ಲ?"

"ಇಲ್ಲ ಅಜ್ಜಿ."

"ಅವನ ಮಕ್ಕಳಿಗೂ ಶಾಪ ಹಾಕಿದೆನಲ್ಲ ಟೀಚರೇ!" ಕಣ್ಣಲ್ಲಿ ನೀರು ಬಂತು. ನನ್ನ ಮೇಲೆ ಕೂಗಾಡುತ್ತಾಳೆ ಅಂತ ತಯಾರಾಗಿ ಹೋಗಿದ್ದೆ, ಇದಕ್ಕೆ ತಯಾರಾಗಿರಲಿಲ್ಲ.

ಹೆಬ್ಬೆಟ್ಟು ಒತ್ತಿ ಅಂತ ಫಾರಂ ಮುಂದಿಟ್ಟೆ. ಅವಳು ಅದನ್ನು ನನ್ನ ಕಡೆಗೇ ಸರಿಸಿದಳು. "ಇದು ಆಮೇಲೆ. ನಾ ಎಲ್ಲರ ಮುಂದೆ ಬೈದದ್ದು. ನೀ ಎಲ್ಲರ ಮುಂದೆ ಹೇಳು, ಬೆಳಿಗ್ಗೆ ಹೆಸ್ರು ಕೂಗೋ ಹೊತ್ತಿಗೆ ಹೋಗು. ರೈಟರ ಕೋಪ ಇಳೀತದೆ, ಮಗ ಕರ‍್ಕೊಳ್ತಾನೆ. ಆಮೇಲೆ ಅಲ್ಲೇ ಹೆಸ್ರು ಬರ‍್ಸು, ನಮ್ಮ ಶಾಲೆಯಲ್ಲಿ."

"ಸೋಮವಾರ ಹೋಗ್ತೀನಿ ಅಜ್ಜಿ," ಅಂದೆ.

ಹೋಗಲಿಲ್ಲ. ನಿವೃತ್ತಿಗೆ ಒಂದೇ ವರ್ಷವಿತ್ತು. ಎಲ್ಲರೆದುರು ಒಪ್ಪಿಕೊಂಡರೆ ಯಾರಾದರೂ ಮೇಲೆ ಬರೆದಾರು, ವಿಚಾರಣೆ, ಪಿಂಚಣಿಗೆ ಕಲ್ಲು ಬಿದ್ದರೆ ಅಂತ ಹೆದರಿಕೆ. ನಿವೃತ್ತಿ ಆದ ಮೇಲೆ ಆ ನೆಪವೂ ಇರಲಿಲ್ಲ. ಆಗ ನಾಚಿಕೆ ಅಡ್ಡ ಬಂತು. ಅಷ್ಟು ವರ್ಷ ಟೀಚರ್, ಟೀಚರ್ ಅಂತ ಎದ್ದು ನಿಂತ ಜನರ ಮುಂದೆ ಹೇಗೆ ನಿಲ್ಲಲಿ?

ಈ ನಡುವೆ ಲೋಕಸಭೆ ಚುನಾವಣೆಯೂ ಬಂದು ಹೋಯಿತು. ಬಾಳೆಲೆಯ ಪಟ್ಟಿ ನೋಡಿದೆ, ಶ್ರೀಮಂಗಲದ್ದೂ ನೋಡಿದೆ. ಎರಡರಲ್ಲೂ ಅವಳಿಲ್ಲ. ಇನ್ನೂ ಮಗಳ ಮನೆಯಲ್ಲೇ ಇದ್ದಾಳಂತೆ, ಟೀಚರು ಬಂದರಾ ಅಂತ ಮಗನಿಗೆ ಹೇಳಿಕಳಿಸಿ ಕೇಳುತ್ತಾಳಂತೆ. ಇಷ್ಟೆಲ್ಲ ಒಪ್ಪಿಕೊಂಡು ಬರೆದೆನಲ್ಲ ಅಂತ ಎದೆ ಸ್ವಲ್ಪ ಹಗುರವಾದ ಹಾಗೂ ಇದೆ. ಆದರೆ ಅವಳು ನನ್ನನ್ನು ಬರೆಯಲು ಕೇಳಿರಲಿಲ್ಲ. ಅವಳಿಗೆ ಓದೋಕೆ ಬರೋದೂ ಇಲ್ಲ.