ವಾರಂಟಿಯ ತಳದಲ್ಲಿ ಸಿಕ್ಕಿದ್ದು

ಸ್ನೇಹಿತರೇ, ಇವತ್ತು ರಾಣೆಬೆನ್ನೂರಿನ ಶೋರೂಮಿನಲ್ಲಿ ಗೆದ್ದು ಬಂದೆ! ನನ್ನ ಎಲೆಕ್ಟ್ರಿಕ್ ಕಾರಿಗೆ ಹೆಚ್ಚುವರಿ ವಾರಂಟಿ ಮಾಡಿಸಲೇಬೇಕೆಂದು ಸೇಲ್ಸ್‌ನವನು ಹಠ ಹಿಡಿದಿದ್ದ.

“ಎಲ್ಲಾನೂ ಬರ್ತೈತ್ರಿ ಅಕ್ಕಾರ.”

“ಬ್ಯಾಟರಿ?”

“ಅದಕ್ಕ ಕಂಪನಿ ವಾರಂಟಿ ಮೊದಲ ಐತ್ರಿ.”

“ಮೋಟಾರು?”

“ಅದಕ್ಕೂ ಐತ್ರಿ.”

“ಟೈರು, ಬ್ರೇಕು?”

“ಸವೆಯೋ ಸಾಮಾನು ಬರಂಗಿಲ್ರಿ.”

“ಹಂಗಾರ ಇದರಾಗ ಉಳಿದದ್ದೇನಪಾ?”

ವಾರಂಟಿ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿ, “ಹಾರ್ನ್ ಬರ್ತೈತ್ರಿ” ಎಂದ.

ಬೇಡವೆಂದು ಎದ್ದೆ. “ನೀವೇನ್ ಮಾಡ್ತೀರಿ ಅಕ್ಕಾರ?” ಎಂದು ಕೇಳಿದ.

“ಬ್ಯಾಡಗ್ಯಾಗ ಮೆಣಸಿನಕಾಯಿ ಖರೀದಿ.”

“ಅದನ್ನ ಮೊದಲ ಹೇಳಬಾರದೇನ್ರಿ!” ಎಂದು ಪೆನ್ನಿಗೆ ಕ್ಯಾಪ್ ಹಾಕಿದ.

ಚೀಲದ ಬಾಯಲ್ಲಿರುವ ಕೆಂಪು ಕಾಯಿ ನೋಡಿ ನಾವು ಮಾಲು ಕೊಳ್ಳುವುದಿಲ್ಲ. ತಳದವರೆಗೆ ಕೈ ಹಾಕುತ್ತೇವೆ. ಈ ಚೀಲದ ತಳದಲ್ಲಿ ಸಿಕ್ಕಿದ್ದು ಒಂದು ಹಾರ್ನ್.